ಸಾಹುಕಾರರ ಪಿಕಪ್ಪಿನ ಹಿಂಬಾಗಿಲು

"ನನ್ನ ಕಣ್ಣಿಗೆ ಮಣ್ಣೆರಚೋ ಕಳ್ಳ ಇನ್ನೂ ಹುಟ್ಟಿಲ್ಲ" ಎಂದು ಬಾಳೆಮಂಡಿಯ ಸಾಹುಕಾರ ನಂಜೇದೇವಪ್ಪ ಜಗಲಿಯ ಮೇಲೆ ಕೂತು ಹೇಳಿ ಮುಗಿಸುವಷ್ಟರಲ್ಲಿ, ಮಂಡಿಯ ಹಿಂದೆ ನಿಲ್ಲಿಸಿದ್ದ ಅವನ ಪಿಕಪ್ಪಿನ ಹಿಂಬಾಗಿಲು ಮಾಯವಾಗಿತ್ತು. ಅದೂ ಹಾಡುಹಗಲಲ್ಲಿ.

ಬಾಗಿಲು ಹೋಗಿದ್ದರೂ ಬೀಗ ಹೋಗಿರಲಿಲ್ಲ. ಹಾಕಿದ್ದು ಹಾಕಿದಂತೆ ಗಾಡಿಯ ಚಿಲಕಕ್ಕೆ ನೇತುಕೊಂಡಿತ್ತು. ಸಾಹುಕಾರ ಅದನ್ನು ನೋಡಿದ, ತಲೆ ಕೆರೆದುಕೊಂಡ, ತೀರ್ಪು ಕೊಟ್ಟೇಬಿಟ್ಟ.

"ಬೀಗ ಒಡೆದಿಲ್ಲ. ಬೀಗದ ಕೈ ಡ್ರೈವರ್ ಚಿಕ್ಕಮಾದನ ಹತ್ರ. ಬೀಗದ ಕೈ ಯಾರ ಹತ್ರ ಇದೆಯೋ ಅವನೇ ಕಳ್ಳ. ನಡಿ ಸ್ಟೇಷನ್ನಿಗೆ."

"ಅಯ್ಯೋ ಸಾವ್ಕಾರ್ರೆ, ನಾನು ಮುಟ್ಟಿಲ್ಲ. ಹೆಂಡ್ತಿಗೆ ದಿನ ತುಂಬೈತೆ, ಸ್ಟೇಷನ್ನು ಅನ್ಬ್ಯಾಡಿ" ಎಂದು ಚಿಕ್ಕಮಾದ ಗೋಗರೆದ. ಕೇಳುವ ಕಿವಿ ಅಲ್ಲಿ ಇರಲಿಲ್ಲ.

ಇದನ್ನೆಲ್ಲ ಮಂಡಿಯ ತೂಕದವನು ದೊರೆಸ್ವಾಮಿ ನೋಡುತ್ತ ನಿಂತಿದ್ದ. ಸಾಹುಕಾರ ಏನು ಹೇಳಿದರೂ ಹೂಂಗುಟ್ಟುವ ಆಸ್ಥಾನಿಕ ಅವನು. ಬಾಯಲ್ಲಿ ಹೂಂಗುಟ್ಟಿದರೂ ಒಳಗೊಳಗೇ ಅವನಿಗೆ ಈ ಮನುಷ್ಯನನ್ನು ಕಂಡರೆ ಹೇಸಿಗೆ. ಚಿಲಕ ತುಕ್ಕು ಹಿಡಿದಿದೆ, ಒಂದಿಷ್ಟು ಎಣ್ಣೆ ಕೊಡಿ ಎಂದು ಚಿಕ್ಕಮಾದ ಎಷ್ಟು ಸಲ ಕೇಳಿರಲಿಲ್ಲ? "ಎಣ್ಣೆ ಇರೋದು ಒಗ್ಗರಣೆಗೆ" ಎಂದು ಸಾಹುಕಾರ ಅಟ್ಟಿದ್ದ. ಹಮಾಲರು ದಿನಾ ಕಲ್ಲಿನಿಂದ ಕುಟ್ಟಿ ತೆಗೆದೂ ತೆಗೆದೂ ಚಿಲಕದ ಕೊಕ್ಕೆ ಸವೆದು, ಬಾಗಿಲು ನಿಂತಿದ್ದೇ ಕೆಳಗಿನ ಎರಡು ಕೀಲುಗಳ ಮೇಲೆ. ಈ ಮಹಾನುಭಾವ ಮಾತ್ರ ಬೀಗವನ್ನು ನಂಬಿಕೊಂಡಿದ್ದ.

"ಸಾವ್ಕಾರ್ರೆ, ನಿಮ್ಮ ತೀರ್ಪು ಅಂದ್ರೆ ತೀರ್ಪು" ಎಂದ ದೊರೆಸ್ವಾಮಿ. "ಆದ್ರೆ ಬೀಗ ಮುಟ್ಟದೇನೂ ಬಾಗ್ಲು ಹೋಗಬೌದು ಅಂತ ಕೆಲವು ದಡ್ಡರು ಮಾತಾಡ್ಕತಾವ್ರೆ."

ಸಾಹುಕಾರ ಕೆರಳಿದ. ಗುಜರಿ ಅಂಗಡಿಯಿಂದ ಹಳೆಯ ಬಾಗಿಲೊಂದನ್ನು ತರಿಸಿ ಕೂರಿಸಿದ. ಹೊಸ ಬೀಗವನ್ನು ತಾನೇ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಬೀಗ ಮುಟ್ಟದೆ ಇದನ್ನ ತೆಗೆದು ತೋರಿಸಲಿ. ತೋರಿಸಿದ್ರೆ ಚಿಕ್ಕಮಾದನ್ನ ಬಿಡ್ತೀನಿ. ಇಲ್ಲಾಂದ್ರೆ ಅವನ ಜತೆ ನೀನೂ ಸ್ಟೇಷನ್ನಿಗೆ."

"ಆಗಲಿ. ನಾನು ಬೀಗ ಮುಟ್ಟಿದೆ ಅಂತ ನಾಳೆ ಮಾತು ಬರಬಾರದು. ಬನ್ನಿ, ಬೀಗಾನ ನೀವೇ ಕಾಯಿರಿ. ಎದೆ ಬಾಗ್ಲಿಗೆ ಒತ್ತಿ, ಎರಡು ಕೈಲೂ ಮೇಲ್ಗಡೆ ಗಟ್ಟಿಯಾಗಿ ತಬ್ಕೊಳಿ."

ಸಾಹುಕಾರನಿಗೆ ಇದು ಬಹಳ ಹಿಡಿಸಿತು. ತನಗಿಂತ ಒಳ್ಳೆಯ ಕಾವಲುಗಾರ ಎಲ್ಲಿದ್ದಾನೆ? ಹಮಾಲರೆಲ್ಲ ಬಾಳೆಗೊನೆ ಕೆಳಗಿಟ್ಟು ಸುತ್ತ ನೆರೆದರು. ಅವನು ಹೊಟ್ಟೆ ಒಳಗೆಳೆದುಕೊಂಡು ಬಾಗಿಲನ್ನು ಅಪ್ಪಿ ನಿಂತ.

ದೊರೆಸ್ವಾಮಿ ತಕ್ಕಡಿಯ ತೂಕದ ಕಲ್ಲೊಂದನ್ನು ಹಿಡಿದು ಗಾಡಿಯ ಕೆಳಗೆ ಬಗ್ಗಿದ. ಈ ಕಡೆಯ ಕೀಲಿನ ಪಿನ್ನಿಗೆ ಟಣ್ ಅಂತ ಒಂದೇಟು. ಆ ಕಡೆಯದಕ್ಕೆ ಇನ್ನೊಂದು. ಪಿನ್ನುಗಳು ನೆಲಕ್ಕುರುಳಿದವು. ಗಾಡಿಯಲ್ಲೇ ಉಳಿದಿದ್ದ ಸವೆದ ಕೊಕ್ಕೆಯಿಂದ ಜಾರಿಕೊಂಡ ಬಾಗಿಲು ಇಡಿಯಾಗಿ ಸಾಹುಕಾರನ ತೋಳಿಗೆ ಬಂತು. ಬಿಟ್ಟರೆ ಕಾಲ ಮೇಲೆ ಬೀಳುತ್ತದೆ, ಹಿಡಿದರೆ ಸೊಂಟ ಮುರಿಯುತ್ತದೆ. ಅವನು ಅದನ್ನು ಹೊತ್ತುಕೊಂಡೇ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದ. ಬೀಗ ಗಾಡಿಯಲ್ಲೇ ನೇತಾಡುತ್ತಿತ್ತು.

ದೊರೆಸ್ವಾಮಿ ಮೈಕೈ ಒರೆಸಿಕೊಂಡು ಎದ್ದ.

"ನೋಡ್ರಪ್ಪ, ಬೀಗ ಒಡೆದಿಲ್ಲ. ಬೀಗದ ಕೈ ಸಾವ್ಕಾರ್ರ ಉಡಿದಾರದಲ್ಲೈತೆ. ಬಾಗ್ಲು ಅವರ ತೋಳಲ್ಲೈತೆ, ಹೊತ್ಕೊಂಡು ಬ್ಯಾರೆ ಹೊಂಟವ್ರೆ. ಯಾರ್ನ ಸ್ಟೇಷನ್ನಿಗೆ ಕರ್ಕೊಂಡೋಗೋದು?"

"ಲೋ, ನಾನೇನೋ ಮಾಡ್ದೆ? ಬೀಗ ಹಾಕ್ದಂಗೇ ಐತಲ್ಲೋ" ಎಂದು ಸಾಹುಕಾರ ಏದುಸಿರು ಬಿಟ್ಟ.

"ಚಿಕ್ಕಮಾದನೂ ಅದನ್ನೇ ಹೇಳಿದ್ದು. ಅವನು ಅಳ್ತಿದ್ದ, ನೀವು ಬೆವರ್ತಾ ಇದೀರಿ, ಅಷ್ಟೇ."

ಹಮಾಲರು ನಗು ತಡೆಯಲಾರದೆ ಗೊನೆಗಳ ಹಿಂದೆ ಮುಖ ಮುಚ್ಚಿಕೊಂಡರು. ಚಿಕ್ಕಮಾದ ಬಂದು ಬಾಗಿಲನ್ನು ಇಳಿಸಿಕೊಂಡ. ಸಾಹುಕಾರ ಉಡಿದಾರದಿಂದ ಬೀಗದ ಕೈಯನ್ನು ಬಿಚ್ಚಿ ಅವನ ಅಂಗೈಗೆ ಹಾಕಿದ, ಮುಖ ಮಾತ್ರ ಆಚೆ ತಿರುಗಿಸಿಕೊಂಡ.

ಆಮೇಲೆ ಸೊಂಟ ನೀವಿಕೊಳ್ಳುತ್ತ ಕೇಳಿದ: "ಹಂಗಾದ್ರೆ ಇದನ್ನ ಕಾಪಾಡ್ಕೊಳೋದು ಹೆಂಗಯ್ಯಾ?"

"ಸುಲಭ ಸಾವ್ಕಾರ್ರೆ. ಪಿನ್ನಿನ ತುದಿಗೆ ವೆಲ್ಡಿಂಗ್ ಮಾಡ್ಸಿ, ಹೊಸ ಕೊಕ್ಕೆ ಹಾಕ್ಸಿ, ಆಗಾಗ ಚಿಲಕಕ್ಕೆ ಎಣ್ಣೆ ಬಿಡಿ. ವೆಲ್ಡಿಂಗ್ ಕಂಡ್ರೆ ಕಳ್ಳ ಹೆದರ್ತಾನೆ. ಎಣ್ಣೆ ಕಂಡ್ರೆ ಹೆದರೋರು ನೀವೊಬ್ರೇ."