ಗೊಂಬೆಯ ಕೈಗೆ ಬಂದ ಕಠಾರಿ

ಗೊಂಬೆಯಾಟದವರ ಪೆಟ್ಟಿಗೆಗೆ ನಮ್ಮ ಕಡೆ ಏನೋ ಹೆಸರಿತ್ತು, ನಾಲಿಗೆಯ ತುದಿಗೆ ಬಂದು ನಿಂತಿದೆ. ಇರಲಿ ಪುಟ್ಟೀ, ಪೆಟ್ಟಿಗೆ ಅಂತಲೇ ಬರೆದುಕೋ. ಅದರೊಳಗೆ ಮರದ ವೀರನೊಬ್ಬ, ಗೇಣುದ್ದದ ನಿಜವಾದ ಕಠಾರಿಯೊಂದು. "ನಾನು ರಾಜನ ಸೊಂಟದಲ್ಲಿದ್ದವನು! ನಮ್ಮ ನಾಡಿನಂಥ ನಾಡು ಇನ್ನೊಂದಿಲ್ಲ" ಎಂದು ಕಠಾರಿ ದಾರಿಯುದ್ದಕ್ಕೂ ಜಂಬ ಕೊಚ್ಚಿತು. ಗಡಿ ದಾಟಿ ಗಾಡಿ ನಿಂತ ಊರನ್ನು ಕಂಡದ್ದೇ ಅದರ ದನಿ ಉಡುಗಿತು.

"ಏನಾಯ್ತು ಮಹಾರಾಯ?" ಎಂದಿತು ಗೊಂಬೆ.

"ಈ ಊರನ್ನು ಸುಟ್ಟವರು ನಾವೇ. ಗುರುತು ಹಿಡಿದರೆ ನನ್ನನ್ನು ಕುಲುಮೆಗೆ ಹಾಕುತ್ತಾರೆ. ನಿನಗೆ ಹೆದರಿಕೆಯಿಲ್ಲವೆ? ನಿನ್ನದು ಯಾವ ನಾಡು?"

"ನಾನು ಕಥೆಯವನು, ಎಲ್ಲೂ ಹುಟ್ಟಿದವನಲ್ಲ. ಆದರೂ ಹೋದ ಹೋದ ಊರಿನಲ್ಲೆಲ್ಲ ನಾನು ಕಾಲಿಟ್ಟ ಬಂಡೆ ಅಂತ ಒಂದಕ್ಕೆ ಕುಂಕುಮ ಹಚ್ಚಿರುತ್ತಾರೆ. ಬಾ, ನನ್ನ ಕೈಯಲ್ಲಿರು. ಬಾಯಿ ಮಾತ್ರ ಬಿಡಬೇಡ."

ಆಟ ಮುಗಿದಾಗ ಮುದುಕಿಯೊಬ್ಬಳು ಬಂದು, "ನಮ್ಮೂರ ವೀರನ ಕಠಾರಿ!" ಎಂದು ಅದನ್ನು ಕಣ್ಣಿಗೊತ್ತಿಕೊಂಡಳು. ಕಠಾರಿಗೆ ತಡೆಯಲಾಗಲಿಲ್ಲ. "ತಪ್ಪಾಯಿತು ತಾಯಿ" ಎಂದುಬಿಟ್ಟಿತು.

ಮುದುಕಿ ಗೊಂಬೆಯ ಕೆನ್ನೆ ಸವರಿದಳು. "ನೋಡ್ರೇ, ನಮ್ಮ ವೀರನಿಗೆ ಎಷ್ಟು ವಿನಯ!"

ಬರೆದುಕೋ ಪುಟ್ಟೀ. ಊರಿನ ಹೆಸರು ಮಾತ್ರ ಬೇಡ, ಓದಿದವರೇ ಹಾಕಿಕೊಳ್ಳಲಿ.