ಅಧ್ಯಕ್ಷರ ಮನೆಯ ನಲ್ಲಿ

ಬರ ಬಿದ್ದಿದ್ದರಿಂದ ನೀರು ಮಂಡಳಿ ಬೀದಿಬೀದಿಗೆ ವಾರಕ್ಕೊಮ್ಮೆ ನೀರು ಬಿಡುತ್ತಿತ್ತು. ಮಂಡಳಿಯ ಅಧ್ಯಕ್ಷ ಚೆನ್ನವೀರಪ್ಪನವರು ನೀರು ಬಿಡುವವನನ್ನು ಕರೆಸಿದರು.

"ಹಿಂದಿನ ಬೀದಿಯ ಪಾಲು ನಿಲ್ಲಿಸು. ನಮ್ಮನೆಗೆ ದಿನಾ ಬರಬೇಕು."

"ಆಗಲಿ ಸ್ವಾಮಿ."

ಇಷ್ಟು ಬೇಗ ಒಪ್ಪಿದನಲ್ಲ! ಅಧ್ಯಕ್ಷರಿಗೆ ಅನುಮಾನ. ಬಂದ ನೀರನ್ನು ಮೂಸಿ ನೋಡಿದರು. ಕೆಸರಿಲ್ಲ, ವಾಸನೆಯಿಲ್ಲ. ಆದರೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಬಿಂದಿಗೆಗಳು, ಹಿಂದಿನ ಬೀದಿಯ ಹೆಂಗಸರು; ನಲ್ಲಿಯ ಪಕ್ಕದಲ್ಲಿ ನೀರು ಬಿಡುವವನು.

"ಏನಯ್ಯಾ ಇದು?"

"ನೀವೇ ಮಾಡಿದ ಬರದ ನಿಯಮ, ಸ್ವಾಮಿ. ದಿನಾ ನೀರು ಬರೋ ನಲ್ಲಿ ಊರಿನವರಿಗೆಲ್ಲ ಸೇರಿದ್ದು. ಇವರಿಗೆ ಅಷ್ಟೇ ಹೇಳಿದೆ."

ಒಬ್ಬ ಅಜ್ಜಿ ಬಿಂದಿಗೆ ತಳ್ಳುತ್ತಾ, "ಒಸಿ ಸರೀರಿ ಅಧ್ಯಕ್ಷರೇ, ಸಾಲು ಕೆಡುತ್ತೆ" ಎಂದಳು.

ಅಧ್ಯಕ್ಷರು ಗೋಡೆಯತ್ತ ಸರಿದು ನೀರು ಬಿಡುವವನಿಗೆ ಪಿಸುಗುಟ್ಟಿದರು: "ಇವರ ನೀರು ಇವರಿಗೇ ಬಿಡು ಮಾರಾಯ. ನಮಗೂ ವಾರಕ್ಕೊಮ್ಮೆ ಸಾಕು."