ನೀಲಗಿರಿ ಮರ ಎಲೆ ಇಳಿಬಿಟ್ಟಿದ್ದು

ಕಾಲು ಚಾಚಿ ಕೂತ್ಕೋ ಮಗಾ, ಕಡ್ಲೆಕಾಯಿ ಸಿಪ್ಪೆ ಆಮೇಲೆ ಗುಡಿಸಿದರಾಯ್ತು. ಈಗ ನನ್ನ ಮಾತು ಕೇಳು.

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಸಮುದ್ರದಾಚೆಯ ಆಸ್ಟ್ರೇಲಿಯಾ ಸೀಮೆಯಲ್ಲಿ ಒಂದು ನೀಲಗಿರಿ ಮರವಿತ್ತು. ಆಗ ಅದರ ಎಲೆಗಳೆಲ್ಲ ಅಂಗೈ ಹರವಿದ ಹಾಗೆ ಚಾಚಿಕೊಂಡಿದ್ದವು. ಕೆಳಗೆ ದಟ್ಟ ನೆರಳು, ಆ ನೆರಳಲ್ಲಿ ಕಾಂಗರೂಗಳ ಗೊರಕೆ. ಮರದ ಒಳಗು ಮಾತ್ರ ಬಾಳೆದಿಂಡಿನಷ್ಟು ಮೆತ್ತಗೆ.

ಅದರ ಪೊಟರೆಯಲ್ಲಿ ಜುಟ್ಟವ್ವ ಅನ್ನೋ ಬಿಳಿ ಗಿಳಿ ಎರಡು ಮೊಟ್ಟೆ ಇಟ್ಟಿದ್ದಳು. ಒಂದು ದಿನ ಬುಡದಲ್ಲಿ ಕರಕರ ಸದ್ದು. ಬಗ್ಗಿ ನೋಡಿದರೆ ಗೆದ್ದಲು. ಮರಿ ಹೊರಬಂದು ರೆಕ್ಕೆ ಬಲಿಯುವ ತನಕವಾದರೂ ತಾಳಿ ಎಂದು ಬೇಡಿಕೊಂಡಳು.

"ನಿನಗೆ ಎರಡು ಮಕ್ಕಳು, ನನಗೆ ಎರಡು ಲಕ್ಷ. ಯಾರು ತಾಳಬೇಕು, ನೀನೇ ಹೇಳವ್ವ" ಎಂದಳು ಗೆದ್ದಲರಾಣಿ, ಅಗಿಯುತ್ತಲೇ.

ಮೊಟ್ಟೆ ಹೊತ್ತು ಹಾರುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಜುಟ್ಟವ್ವ ಪಕ್ಕದ ಬಂಡೆಜ್ಜಿಯ ಹತ್ತಿರ ಮರಕ್ಕೆ ಒಂದಿಷ್ಟು ಗಟ್ಟಿತನ ಕೇಳಿದಳು. ಅಜ್ಜಿ ಒಂದೇ ಹನಿ ಕೊಟ್ಟಳು. ಹೆಪ್ಪು ಹಾಕೋಕೆ ಇಷ್ಟು ಸಾಕು, ಬೇರಿಗೆ ಬಿಡು, ಮೂರು ದಿನ ಮರ ಅಲ್ಲಾಡಬಾರದು ಎಂದಳು.

ಕೊಕ್ಕಿನಲ್ಲಿ ತಂದು ಬಿಟ್ಟಿದ್ದೇ ತಡ, ಗಾಳಿರಾಯ ಬಂದ. ಅಗಲ ಎಲೆಗಳಿಗೆ ಬಡಿದ. ಮರ ಬುಡದ ತನಕ ತೂಗಿತು, ಹೆಪ್ಪು ಕದಡಿ ನೀರಾಯಿತು.

ಅಜ್ಜಿ ಬೈದು, ಬೈದು, ಇನ್ನೊಂದು ಹನಿ ಕೊಟ್ಟಳು. ಇದೇ ಕೊನೆಯದು ಎಂದಳು. ಜುಟ್ಟವ್ವ ಈ ಸಲ ಮೊದಲು ಗಾಳಿಯ ಹತ್ತಿರ ಹೋಗಿ, ಮೂರು ದಿನ ನಿಲ್ಲಪ್ಪಾ ಎಂದಳು.

"ನಿಂತರೆ ನಾನು ಗಾಳಿ ಹೇಗಾದೇನು ತಾಯಿ? ದಾರಿ ಬಿಡಿ, ನನ್ನ ಪಾಡಿಗೆ ಹೋಗ್ತೀನಿ."

ಜುಟ್ಟವ್ವ ತಿರುಗಿ ಬಂದು ಮರಕ್ಕೆ ಹೇಳಿದಳು. "ತಮ್ಮಾ, ಎಲೆ ಇಳಿಬಿಡು."

ಮರಕ್ಕಿದ್ದ ಹೆಮ್ಮೆ ಆ ನೆರಳೊಂದೇ. "ನೆರಳಿಲ್ಲದ ಮರ ಅಂತ ಆಡ್ಕೊಳ್ತಾರಕ್ಕ."

"ಆಡ್ಕೊಳ್ಳಲಿ. ಬಿದ್ದ ಮರಕ್ಕೆ ಯಾವ ನೆರಳು?"

ಮರ ಒಂದೊಂದೇ ಎಲೆಯನ್ನು ನೆಲದ ಕಡೆ ಇಳಿಬಿಟ್ಟು, ಅಂಚನ್ನು ಗಾಳಿಗೆ ತಿರುಗಿಸಿತು. ಜುಟ್ಟವ್ವ ಕೊನೆಯ ಹನಿಯನ್ನು ಬೇರಿಗೆ ಬಿಟ್ಟಳು. ಗಾಳಿ ಸುಂಯ್ ಎಂದು ನುಸುಳಿ ಹೋಯಿತು. ಒಂದು ದಿನ ಕಳೆಯಿತು, ಎರಡು ಕಳೆಯಿತು. ಮೂರನೆಯ ದಿನ ಬುಡದ ಕರಕರ ನಿಂತುಹೋಯಿತು. ಗೆದ್ದಲರಾಣಿ ದವಡೆ ಹಿಡಿದುಕೊಂಡು ಕೂತಿದ್ದಳು.

ಜುಟ್ಟವ್ವನ ಎರಡೂ ಮರಿ ಅಲ್ಲೇ ಬೆಳೆದು ಹಾರಿದವು. ಗೆದ್ದಲರಾಣಿ ಬಿದ್ದ ಕೊಂಬೆಗಳನ್ನು ಹುಡುಕಿಕೊಂಡು ಸಂಸಾರ ಸಾಗಿಸಿದಳು. ಕಾಂಗರೂಗಳು ಗೊಣಗುತ್ತ ಬೇರೆ ನೆರಳಿಗೆ ಎದ್ದುಹೋದವು. ಬಂಡೆಜ್ಜಿ ಆಮೇಲೆ ಯಾರಿಗೂ ಹೆಪ್ಪು ಕೊಡಲಿಲ್ಲ. ಮರದ ಮಕ್ಕಳು ಮಾತ್ರ ಹಡಗು ಹತ್ತಿ ನಮ್ಮ ಕಡೆಗೂ ಬಂದವು. ಅದಕ್ಕೇ ನೋಡು ಮಗಾ, ನೀಲಗಿರಿ ತೋಪಿನಲ್ಲಿ ಇವತ್ತಿಗೂ ಎಲೆಗಳು ಕುಡುಗೋಲಿನ ಹಾಗೆ ಜೋತುಬಿದ್ದು ನೆರಳು ತೆಳ್ಳಗಿರುತ್ತೆ, ಬಲಿತ ಮರಕ್ಕೆ ಕೊಡಲಿ ಬಿದ್ದರೆ ಠಣ್ ಅನ್ನುತ್ತೆ.